ಬಿಡುವಿನ ಕೆಲಸವೆಂಬ ಮಾತು

ಕೈಯಿಂದ ಹೆಣೆದ ಲೇಸಿನ ವಿಷಯವಾಗಿ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಮಾತು ಬಹುಕಾಲದಿಂದ ಬೇರೂರಿದೆ. ಅದು “ಹೆಂಗಸರು ಬಿಡುವಿನ ವೇಳೆಯಲ್ಲಿ ಮಾಡಿಕೊಳ್ಳುವ ಕೆಲಸ” ಎಂಬುದು. ಪ್ರದರ್ಶನಗಳನ್ನು ಉದ್ಘಾಟಿಸುವ ಮಹನೀಯರು ಇದನ್ನು ಹೊಗಳಿಕೆಯೆಂದು ಆಡುತ್ತಾರೆ. ಅಂಗಡಿಯವರು ಇದೇ ಮಾತನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಳ್ಳುವವರಾದ ನಾವು ಚೌಕಾಶಿಗೆ ನಿಂತಾಗ ನಮ್ಮ ಬಾಯಲ್ಲಿಯೂ ಇದೇ ಬರುತ್ತದೆ. ಹೊಗಳುವುದಕ್ಕೂ ಬೆಲೆ ಇಳಿಸುವುದಕ್ಕೂ ಒಂದೇ ಮಾತು ಒದಗುವುದಾದರೆ ಆ ಮಾತಿನಲ್ಲಿ ಏನೋ ದೋಷವಿರಬೇಕೆಂದು ಸಂಶಯಪಡುವುದು ನ್ಯಾಯ. ಅದು ಬರಿಯ ದೋಷವಲ್ಲ, ಅಪ್ಪಟ ಸುಳ್ಳು ಎಂದೂ, ಈ ಸುಳ್ಳಿನ ದೆಸೆಯಿಂದ ಒಂದು ಸುಂದರವಾದ ಕಲೆಗೂ ಅದನ್ನು ಬಲ್ಲ ಕೈಗಳಿಗೂ ದಿನದಿನವೂ ನಷ್ಟವಾಗುತ್ತಿದೆಯೆಂದೂ ತೋರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಕೆಲಸವೆಂತಹದೆಂಬುದನ್ನು ನೋಡೋಣ. ನಮ್ಮ ಭಾಷೆಯಲ್ಲಿ ಲೇಸೆಂದರೆ ಒಳಿತು. ಈ ಲೇಸಿಗೂ ಇಂಗ್ಲಿಷಿನಿಂದ ಬಂದ ಆ ಲೇಸಿಗೂ ಧ್ವನಿಯ ಹೊರತು ಬೇರೆ ನಂಟಿಲ್ಲ. ಅದರ ಮೂಲವಿರುವುದು ಕುಣಿಕೆಯೆಂಬ ಅರ್ಥವುಳ್ಳ ಲ್ಯಾಟಿನ್ ಪದವೊಂದರಲ್ಲಿ. ಕುಣಿಕೆಯೇ ಈ ಕಲೆಯ ಬೀಜ. ಕಸೂತಿ ಹಾಕುವವಳ ಮುಂದೆ ಬಟ್ಟೆ ಮೊದಲೇ ಇರುತ್ತದೆ. ಇಳಕಲ್ಲಿನ ಸೀರೆಯ ಎಳೆಗಳನ್ನು ಎಣಿಸಿ ಆಕೆ ಗೋಪುರವನ್ನೋ ತೇರನ್ನೋ ಎಬ್ಬಿಸುತ್ತಾಳೆ. ಲೇಸು ಹೆಣೆಯುವವಳ ಮುಂದೆ ಬಟ್ಟೆಯೇ ಇಲ್ಲ. ನೂಲಿನ ಉಂಡೆಯೊಂದು, ಸೂಜಿಯೋ ಕೊಕ್ಕೆಯೋ ಒಂದು, ಅದರಾಚೆ ಬರಿಯ ಬಯಲು. ಹದಿನಾರನೆಯ ಶತಮಾನದಲ್ಲಿ ವೆನಿಸ್ ನಗರದವರು ತಮ್ಮ ಸೂಜಿಯ ಲೇಸಿಗೆ “ಗಾಳಿಯಲ್ಲಿ ಹಾಕಿದ ಹೊಲಿಗೆ” ಎಂಬರ್ಥದ ಹೆಸರನ್ನಿಟ್ಟದ್ದು ಇದಕ್ಕಾಗಿಯೇ. ಇದಲ್ಲದೆ ದಿಂಬಿನ ಮೇಲೆ ಗುಂಡುಸೂಜಿಗಳನ್ನು ಚುಚ್ಚಿ, ನೂಲು ಸುತ್ತಿದ ಹತ್ತಾರು ಕಡ್ಡಿಗಳನ್ನು ಅತ್ತಿತ್ತ ದಾಟಿಸಿ ಮಾಡುವ ಲೇಸೂ ಉಂಟು. ಒಂದೇ ಕೊಕ್ಕೆಯಿಂದ ಕುಣಿಕೆಯೊಳಗೆ ಕುಣಿಕೆಯನ್ನೆಳೆದು ಮಾಡುವ ಲೇಸೂ ಉಂಟು. ಈ ಕೊನೆಯದೇ ನಮ್ಮ ಮನೆಗಳಲ್ಲಿ ಕ್ರೋಶಾ ಎಂದು ಹೆಸರಾದದ್ದು. ಹಾಲಿನ ಪಾತ್ರೆಗೆ ಮುಚ್ಚುವ ಮಣಿ ಕಟ್ಟಿದ ಬಲೆ, ಬಾಗಿಲಿನ ತೋರಣ, ಮಗುವಿನ ಕುಲಾವಿ, ದಿಂಬಿನ ಗವಸಿನ ಅಂಚು, ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ವಾಚಕರಲ್ಲಿ ಯಾರದೂ ಇರಲಾರದು.

ಇಂತಹ ಅಂಚಿನ ಚೆಲುವಿರುವುದು ನೂಲು ಬಿಟ್ಟ ಜಾಗದಲ್ಲಿ. ಬೇಲೂರಿನ ದೇವಾಲಯದ ಜಾಲಂಧ್ರಗಳನ್ನು ಒಳಗೆ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಕಲ್ಲಿಲ್ಲದೆಡೆಯಲ್ಲಿ ಬೆಳಕು ನಿಂತು ಕಲ್ಲಿನ ಚಿತ್ರವನ್ನು ಬರೆಯುತ್ತದೆ. ಆದರೆ ಶಿಲ್ಪಿಗೆ ಕೊರೆದು ತೆಗೆಯುವುದಕ್ಕೆ ಕಲ್ಲಾದರೂ ಇತ್ತು. ಲೇಸಿನಲ್ಲಿ ರಂಧ್ರವನ್ನೂ ಎಣಿಸಿ ಕಟ್ಟಬೇಕು. ಒಂದು ಎಳೆ ಬಿಗಿಯಾದರೆ ಅಂಚು ಮುದುಡುತ್ತದೆ, ಸಡಿಲವಾದರೆ ಜೋಲುತ್ತದೆ. ನೂರು ಕಮಾನುಗಳಲ್ಲಿ ಒಂದರ ಲೆಕ್ಕ ತಪ್ಪಿದರೆ ಉಳಿದ ತೊಂಬತ್ತೊಂಬತ್ತೂ ಸೇರಿ ಅದನ್ನು ಬೆರಳಿಟ್ಟು ತೋರಿಸುತ್ತವೆ. ನೂಲು ಸಣ್ಣದಾದಷ್ಟೂ ಅದರ ಅಂಕಿ ದೊಡ್ಡದು, ನಲವತ್ತಕ್ಕಿಂತ ಅರವತ್ತು ಸಣ್ಣದು, ಅರವತ್ತಕ್ಕಿಂತ ಎಂಬತ್ತು. ಆ ಅಂಕಿ ಏರಿದಷ್ಟೂ ಹೆಣೆಯುವವಳ ತಲೆ ಬಾಗುತ್ತದೆ.

ಕೈಯ ಕೆಲಸವನ್ನು ಗುರುತಿಸಬೇಕಾದರೆ ಮೂಲೆಯನ್ನು ನೋಡಬೇಕು. ನೇರವಾದ ಅಂಚಿನಲ್ಲಿ ಯಂತ್ರವೂ ನಮ್ಮನ್ನು ಮರುಳುಮಾಡೀತು. ಆದರೆ ಗಜದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಯಂತ್ರದ ಲೇಸಿಗೆ ತಾನು ಯಾವ ಬಟ್ಟೆಗೆ ಹೋಗುತ್ತದೆಂಬುದು ತಿಳಿಯದು; ಗವಸಿನ ಮೂಲೆಗೆ ಬಂದಾಗ ಅದನ್ನು ಮಡಿಸಬೇಕು, ನೆರಿಗೆ ಹಿಡಿಯಬೇಕು, ಇಲ್ಲವೆ ಹೂವನ್ನು ನಡುವಿನಲ್ಲಿಯೇ ಕತ್ತರಿಸಬೇಕು. ಕೈಯಿಂದ ಹೆಣೆಯುವವಳು ಮೊದಲ ಸರಪಳಿಯನ್ನು ಹಾಕುವಾಗಲೇ ನಾಲ್ಕು ಮೂಲೆಗಳನ್ನೂ ಮನಸ್ಸಿನಲ್ಲಿ ಕಂಡಿರುತ್ತಾಳೆ. ಒಂದು ಕಮಾನಿಗೆ ಎಷ್ಟು ಕುಣಿಕೆ, ಒಂದು ಬದಿಗೆ ಎಷ್ಟು ಕಮಾನು ಎಂದು ಭಾಗಿಸಿ, ಉಳಿದ ಶೇಷವನ್ನು ಎಲ್ಲಿ ಮರೆಸಬೇಕೆಂದು ಗುಣಿಸಿ, ಮೂಲೆ ಬಂದೊಡನೆ ಒಂದೇ ಕುಣಿಕೆಯಿಂದ ಹೆಚ್ಚು ಕಂಬಗಳನ್ನು ಎಬ್ಬಿಸಿ ಹೂವನ್ನು ಹಾಗೆಯೇ ತಿರುಗಿಸುತ್ತಾಳೆ. ಶಾಲೆಯಲ್ಲಿ ಗಣಿತಕ್ಕೆ ಹೆದರಿದೆನೆಂದು ಹೇಳುವವರು ಇದನ್ನು ಹರಟುತ್ತಲೇ ಮಾಡುವುದನ್ನು ನಾನು ನೋಡಿದ್ದೇನೆ. ಇದು ವಿದ್ಯೆಯಲ್ಲದಿದ್ದರೆ ವಿದ್ಯೆಯೆಂಬ ಶಬ್ದವನ್ನು ನಾವು ಬೇರೆ ಯಾವುದಕ್ಕೆ ಕಾದಿರಿಸಿಕೊಂಡಿದ್ದೇವೆಯೋ ತಿಳಿಯದು.

ಯೂರೋಪಿನ ರಾಜರಿಗೆ ಇದು ಬಿಡುವಿನ ಕೆಲಸವೆಂದು ಎಂದೂ ತೋರಲಿಲ್ಲ. ವೆನಿಸಿನ ಲೇಸಿಗಾಗಿ ಫ್ರಾನ್ಸಿನ ಹಣವೆಲ್ಲ ಹೊರಗೆ ಹರಿಯುತ್ತಿರುವುದನ್ನು ಕಂಡು ಹದಿನಾಲ್ಕನೆಯ ಲೂಯಿಯ ಮಂತ್ರಿಯಾದ ಕೋಲ್ಬೇರನು 1665ರಲ್ಲಿ ರಾಜಾಶ್ರಯದ ಲೇಸಿನ ಕಾರ್ಯಾಗಾರಗಳನ್ನು ಸ್ಥಾಪಿಸಿದನು. ವೆನಿಸಿನಿಂದ ಕುಶಲರಾದ ಹೆಂಗಸರನ್ನು ಕರೆಸಿಕೊಂಡನು. ಆಗ ಹೆಸರು ಪಡೆದ ಅಲಾಂಸೋಂ ಪಟ್ಟಣದಲ್ಲಿ ಆ ಸೂಜಿಯ ಲೇಸು ಇಂದಿಗೂ ಬದುಕಿದೆ. ಅಲ್ಲಿ ಒಂದು ಚದರ ಸೆಂಟಿಮೀಟರಿಗೆ, ಎಂದರೆ ನಮ್ಮ ಕಿರುಬೆರಳಿನ ಉಗುರಿನಷ್ಟಕ್ಕೆ, ಏಳು ಗಂಟೆಗಳ ಕೆಲಸವೆಂದು ಎಣಿಕೆ. ಕಲಿತು ನುರಿತವಳೆನಿಸಿಕೊಳ್ಳುವುದಕ್ಕೆ ಏಳರಿಂದ ಹತ್ತು ವರ್ಷ. 1976ರಲ್ಲಿ ಫ್ರೆಂಚ್ ಸರಕಾರವು ಅಲ್ಲಿ ರಾಷ್ಟ್ರೀಯ ಕಾರ್ಯಾಗಾರವನ್ನು ಏರ್ಪಡಿಸಿತು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಂಟೆಯನ್ನು ಎಣಿಸುವ ಪದ್ಧತಿ ಅಲ್ಲಿದೆಯೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಗಂಟೆಯ ಮಾತು ಮುಂದೆ ಮತ್ತೆ ಬರುತ್ತದೆ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ವರ್ಮೀರನು ಬರೆದ ಲೇಸು ಹೆಣೆಯುವವಳ ಚಿತ್ರವೊಂದುಂಟು. ಅದರ ಉದ್ದಗಲ ಒಂದು ಪುಸ್ತಕದ ಹಾಳೆಯಷ್ಟೇ. ಬಾಗಿದ ಆ ತಲೆಯಲ್ಲಿ ಬಿಡುವಿನ ಲಕ್ಷಣವನ್ನು ಯಾರಾದರೂ ಹುಡುಕಿ ತೋರಿಸಲಿ.

ಯಂತ್ರದ ಕಥೆ ಎಲ್ಲರಿಗೂ ತಿಳಿದಿದೆ, ಅಥವಾ ತಿಳಿದಿದೆಯೆಂದು ನಾವೆಣಿಸಿದ್ದೇವೆ. ಇಂಗ್ಲೆಂಡಿನ ಜಾನ್ ಹೀತ್‌ಕೋಟನು 1809ರಲ್ಲಿ ಬಲೆಯನ್ನು ನೇಯುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. 1813ರ ಹೊತ್ತಿಗೆ ಲೀವರ್ಸನು ಅದರಲ್ಲಿ ಇನ್ನಷ್ಟು ಸುಧಾರಣೆ ಮಾಡಿದನು. 1816ರಲ್ಲಿ ಲಫ್‌ಬರೋ ಊರಿನ ಹೀತ್‌ಕೋಟನ ಕಾರ್ಖಾನೆಗೆ ನುಗ್ಗಿದವರು ಯಂತ್ರಗಳನ್ನು ಒಡೆದುಹಾಕಿದರು. ಅವನು ಟಿವರ್ಟನ್ನಿಗೆ ಹೋಗಿ ಮತ್ತೆ ಯಂತ್ರಗಳನ್ನು ಹೂಡಿದನು. ಸೂಜಿಯ ಲೇಸನ್ನೂ ದಿಂಬಿನ ಲೇಸನ್ನೂ ಅನುಕರಿಸುವ ವಿದ್ಯೆ ಯಂತ್ರಕ್ಕೆ ಕ್ರಮೇಣ ಬಂದಿತು. ಹೀಗಿರಲು, “ಯಂತ್ರವೇ ಮಾಡುವಾಗ ಕೈಯವಳಿಗೇಕೆ ಹೆಚ್ಚು ಕೊಡಬೇಕು?” ಎಂದು ಕೇಳುವವರಿದ್ದಾರೆ. ಅವರ ತರ್ಕಕ್ಕೆ ಒಂದು ಸಣ್ಣ ಅಡಚಣೆಯುಂಟು. ಕ್ರೋಶಾ ಹೆಣಿಗೆಯನ್ನು ವ್ಯಾಪಾರದ ಮಟ್ಟದಲ್ಲಿ ಮಾಡುವ ಯಂತ್ರ ಇಂದಿಗೂ ಇಲ್ಲ. ಕೊಕ್ಕೆಯು ಆಗಲೇ ಹೆಣೆದ ಭಾಗದೊಳಗೆ ಎಲ್ಲಿ ಬೇಕೆಂದರಲ್ಲಿ ಹೊಕ್ಕು, ನೂಲನ್ನು ಹಿಡಿದು, ಹಿಂದಿನ ಕುಣಿಕೆಯನ್ನು ಮುಚ್ಚಿ ಹೊರಗೆ ಬರಬೇಕು. ಇದನ್ನು ಬೆರಳು ಬಲ್ಲುದು, ಕಾರ್ಖಾನೆ ಇನ್ನೂ ಕಲಿತಿಲ್ಲ. ಯಂತ್ರದ್ದೆಂದು ಸಿಕ್ಕುವುದು ಬೇರೆ ಬಗೆಯ ಹೆಣಿಗೆ. ಕಣ್ಣಿಗೆ ಕ್ರೋಶಾದಂತೆ ತೋರುವಂತೆ ಮಾಡಿದ್ದು.

ಇದರಿಂದ ಏನು ಸಿದ್ಧವಾಗುತ್ತದೆಂಬುದನ್ನು ವಾಚಕರು ಒಂದು ಕ್ಷಣ ಆಲೋಚಿಸಬೇಕು. ನಿಜವಾದ ಕ್ರೋಶಾದ ಮೇಜುವಸ್ತ್ರವೋ ರವಿಕೆಯೋ ಅಂಗಡಿಯಲ್ಲಿ ಅಗ್ಗವಾಗಿ ದೊರೆತರೆ, ಆ ಅಗ್ಗಕ್ಕೆ ಯಂತ್ರದ ವೇಗವು ಕಾರಣವಲ್ಲ. ಎಲ್ಲಿಯೋ ಒಬ್ಬ ಹೆಣ್ಣುಮಗಳು ಅಷ್ಟೂ ಕುಣಿಕೆಗಳನ್ನು ಒಂದೊಂದಾಗಿ ಹಾಕಿದ್ದಾಳೆ. ಅಗ್ಗವಾದದ್ದು ಅವಳ ಗಂಟೆ.

ಇದು ಬರಿಯ ಊಹೆಯಲ್ಲವೆನ್ನುವುದಕ್ಕೆ ನಮ್ಮ ನೆರೆಯ ಆಂಧ್ರದಲ್ಲಿಯೇ ಸಾಕ್ಷ್ಯವಿದೆ. ದಕ್ಷಿಣ ಭಾರತಕ್ಕೆ ಲೇಸು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕ್ರೈಸ್ತ ಮಿಷನರಿಗಳ ಮನೆಯ ಹೆಂಗಸರ ಮೂಲಕ. ಲಂಡನ್ ಮಿಷನ್ನಿನ ಮಾಲ್ಟ್ ದಂಪತಿಗಳು ನೆಲೆಸಿದ ನಾಗರಕೋಯಿಲಿನಲ್ಲಿ 1820ರ ಸುಮಾರಿಗೆ ದಿಂಬಿನ ಲೇಸಿನ ಕಲಿಕೆ ಮೊದಲಾಯಿತು; ಗೋದಾವರಿಯ ಮುಖಜಭೂಮಿಯಲ್ಲಿರುವ ನರಸಾಪುರದ ಸುತ್ತಿನಲ್ಲಿ ಕ್ರೋಶಾ ಬೇರುಬಿಟ್ಟಿತು. ಆ ನರಸಾಪುರದ ಹೆಂಗಸರನ್ನು ಕುರಿತು ಜರ್ಮನಿಯ ಸಮಾಜಶಾಸ್ತ್ರಜ್ಞೆಯಾದ ಮರಿಯಾ ಮೀಸ್ ಅವರು ಬರೆದ ಗ್ರಂಥವು 1982ರಲ್ಲಿ ಪ್ರಕಟವಾಯಿತು. ಅದರ ಉಪಶೀರ್ಷಿಕೆಯೇ ಭಾರತದ ಗೃಹಿಣಿಯರು ಜಗತ್ತಿನ ಮಾರುಕಟ್ಟೆಗಾಗಿ ಉತ್ಪಾದಿಸುತ್ತಾರೆಂಬುದು. ಅಲ್ಲಿ ಅವರು ಕಂಡದ್ದೇನು? ಮನೆಗೆಲಸವೆಲ್ಲವೂ ಹಾಗೆಯೇ ಇದ್ದು, ಅದರ ಮೇಲೆ ದಿನಕ್ಕೆ ಆರೆಂಟು ಗಂಟೆಗಳ ಲೇಸಿನ ಕೆಲಸ. ದಲ್ಲಾಳಿ ನೂಲನ್ನು ತಂದುಕೊಡುತ್ತಾನೆ. ಒಬ್ಬಳು ಹೂವುಗಳನ್ನು ಮಾತ್ರ ಹೆಣೆಯುತ್ತಾಳೆ, ಮತ್ತೊಬ್ಬಳು ಅವುಗಳನ್ನು ಜೋಡಿಸುತ್ತಾಳೆ. ಇಡಿಯ ವಸ್ತು ಹೇಗೆ ಕಾಣುತ್ತದೆಂಬುದೂ ಎಷ್ಟಕ್ಕೆ ಹೋಗುತ್ತದೆಂಬುದೂ ಇಬ್ಬರಿಗೂ ಗೊತ್ತಿಲ್ಲ. ಸರಕು ಸಮುದ್ರವನ್ನು ದಾಟಿತು, ವ್ಯಾಪಾರದಲ್ಲಿ ಕೆಲವರು ಶ್ರೀಮಂತರಾದರು. ಹೆಣೆದವಳ ದಿನಗೂಲಿಯಾದರೋ ಹೊಲದ ಕೂಲಿಯನ್ನೂ ಮುಟ್ಟಲಿಲ್ಲ. ಸರಕಾರದ ಅಂಕಿಸಂಖ್ಯೆಗಳಲ್ಲಿ ಈ ದುಡಿಮೆಗಾರರ ಹೆಸರೇ ಇಲ್ಲ, ಏಕೆಂದರೆ ಅಲ್ಲಿ ಅವರೆಲ್ಲ ಗೃಹಿಣಿಯರು. ಹೊರಗೆ ಕೂಲಿಗೆ ಹೋದರೆ ಮನೆತನದ ಮರ್ಯಾದೆಗೆ ಕುಂದೆಂದು ತಿಳಿದ ಕುಟುಂಬಗಳ ಹೆಂಗಸರೂ ಅವರಲ್ಲಿ ಅನೇಕರು. “ಬಿಡುವಿನ ಕೆಲಸ” ಎಂಬ ಮಾತು ಆ ಮರ್ಯಾದೆಯನ್ನು ಕಾಯಿತು, ಮತ್ತು ವ್ಯಾಪಾರಿಯ ಲಾಭವನ್ನೂ ಕಾಯಿತು.

2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸಂತೋಷ. ಇನ್ನು ಮುಂದೆ ಬೇರೆ ಊರಿನ ಸರಕನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಆ ಕಾಯಿದೆಯು ರಕ್ಷಿಸುವುದು ಹೆಸರನ್ನು. ಹೆಣೆಯುವವಳ ಕೂಲಿಯ ವಿಷಯದಲ್ಲಿ ಅದಕ್ಕೆ ಬಾಯಿಲ್ಲ. ಮನೆಯಲ್ಲಿ ಕುಳಿತು ದುಡಿಯುವವರನ್ನು ಇತರ ಕೂಲಿಗಾರರಂತೆಯೇ ಕಾಣಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1996ರಲ್ಲಿಯೇ ಒಡಂಬಡಿಕೆಯೊಂದನ್ನು ಅಂಗೀಕರಿಸಿತು. ಭಾರತವು ಅದಕ್ಕೆ ಇನ್ನೂ ಒಪ್ಪಿಗೆಯ ರುಜು ಹಾಕಿಲ್ಲ.

ಆಂಧ್ರದ ಮಾತನ್ನು ಕೇಳಿ ತಲೆದೂಗಿ, ಪಾಪವೆಂದು ನಿಟ್ಟುಸಿರಿಟ್ಟು ಪತ್ರಿಕೆಯನ್ನು ಮಡಿಸುವುದು ಸುಲಭ. ಆದುದರಿಂದ ನಮ್ಮ ಮನೆಯ ಬೀರುವನ್ನೇ ತೆರೆಯೋಣ. ರೇಷ್ಮೆಯ ಸೀರೆಯನ್ನು ಕೊಂಡೊಡನೆ ಅದರ ಸೆರಗಿಗೆ ಕುಚ್ಚು ಕಟ್ಟಿಸುವ ಪದ್ಧತಿ ನಮ್ಮ ನಾಡಿನಲ್ಲಿ ಮೊದಲಿನಿಂದಲೂ ಇದೆ. ಮೊದಲು ಸೆರಗಿನ ತುದಿಯ ಬಿಡಿ ಎಳೆಗಳನ್ನೇ ಸೇರಿಸಿ ಗಂಟು ಹಾಕುತ್ತಿದ್ದರು. ಈಗ ಅದು ಒಂದು ಸ್ವತಂತ್ರ ಕಲೆಯಾಗಿ ಬೆಳೆದಿದೆ: ಸೀರೆಯ ಒಡಲಿಗೂ ಅಂಚಿಗೂ ಹೊಂದುವ ರೇಷ್ಮೆಯ ನೂಲನ್ನು ಆರಿಸಿ, ಕ್ರೋಶಾ ಕಡ್ಡಿಯಿಂದ ಸೆರಗಿನುದ್ದಕ್ಕೂ ಕಮಾನುಗಳ ಸಾಲನ್ನು ಹೆಣೆದು, ನಡುನಡುವೆ ಮಣಿಗಳನ್ನು ಪೋಣಿಸಿ, ಕೊನೆಗೆ ಸಮನಾಗಿ ಕತ್ತರಿಸಿದ ಕುಚ್ಚುಗಳನ್ನು ಇಳಿಬಿಡುತ್ತಾರೆ. ಚೆನ್ನಾಗಿ ಕಟ್ಟಿದ ಕುಚ್ಚಿನ ಸೆರಗು ಹೆಗಲಿನಿಂದ ಬೀಳುವ ಬಗೆಯೇ ಬೇರೆ. ತೂಕವು ತುದಿಯಲ್ಲಿ ನಿಂತು ನೆರಿಗೆಯನ್ನು ಹಿಡಿದಿರುತ್ತದೆ. ಇದು ನಮ್ಮ ಲೇಸು. ಇದಕ್ಕೆ ಪರದೇಶದ್ದೆಂಬ ಹೆಸರನ್ನು ಹಚ್ಚುವ ಧೈರ್ಯ ಯಾರಿಗೂ ಬರಲಾರದು. (ಪರದೇಶದಿಂದ ಬಂತೆಂಬ ಕಾರಣಕ್ಕೆ ಕ್ರೋಶಾವನ್ನು ಹಳಿಯುವವರು ಕಛೇರಿಯಲ್ಲಿ ಪಿಟೀಲು ನುಡಿಯುವಾಗ ಎದ್ದು ಹೋಗುವುದನ್ನು ನಾನು ಕಂಡಿಲ್ಲ.)

ಈ ಕುಚ್ಚನ್ನು ಕಟ್ಟಿದವರು ಯಾರು? ಸೀರೆಯನ್ನು ನಾವು ಕೊಡುವುದು ಅಂಗಡಿಗೆ, ತಿರುಗಿ ಪಡೆಯುವುದೂ ಅಂಗಡಿಯಿಂದ. ನಡುವಿನ ಐದಾರು ದಿನ ಅದು ಯಾವುದೋ ಬೀದಿಯ ಯಾವುದೋ ಮನೆಯಲ್ಲಿ, ಒಗ್ಗರಣೆಯ ಹನಿ ಸಿಡಿಯದಂತೆ ಮಗುವಿನ ಕೈಗೆಟುಕದಂತೆ ಮೇಲೆತ್ತಿಡಲ್ಪಟ್ಟು, ಎಲ್ಲರೂ ಉಂಡು ಮಲಗಿದ ಮೇಲೆ ಕೆಳಗಿಳಿಯುತ್ತದೆ. ಸಾವಿರಾರು ರೂಪಾಯಿಯ ಸೀರೆಗೆ ಕಲೆ ತಾಕಿದರೆ ಬೆಲೆಯನ್ನು ತೆರಬೇಕಾದವಳು ಅವಳೇ. ಸೀರೆಗೆ ಕೊಟ್ಟ ಬೆಲೆಯನ್ನು ನೆರೆಹೊರೆಯವರಿಗೆ ಹೆಮ್ಮೆಯಿಂದ ಹೇಳುವ ನಾವು ಕುಚ್ಚಿನ ಕೂಲಿಯಲ್ಲಿ ಐವತ್ತು ರೂಪಾಯಿಯನ್ನು ಇಳಿಸಿಕೊಂಡು ಬಂದದ್ದನ್ನೂ ಅಷ್ಟೇ ಹೆಮ್ಮೆಯಿಂದ ಹೇಳುತ್ತೇವೆ. ಕೊಟ್ಟದ್ದರಲ್ಲಿ ಅಂಗಡಿಯವನ ಪಾಲು ಕಳೆದು ಅವಳಿಗೆ ಮುಟ್ಟಿದ್ದೆಷ್ಟು, ಅದನ್ನು ಅವಳು ಕುಳಿತ ಗಂಟೆಗಳಿಂದ ಭಾಗಿಸಿದರೆ ಬರುವುದೆಷ್ಟು, ಎಂಬ ಲೆಕ್ಕವನ್ನು ವಾಚಕರು ತಮ್ಮ ತಮ್ಮ ಮನೆಯ ಒಂದೇ ಒಂದು ಸೀರೆಗೆ ಮಾಡಿ ನೋಡಲಿ. ನಾನು ನಮ್ಮ ಮನೆಯದಕ್ಕೆ ಮಾಡಿ ನೋಡಿದೆನು. ಬಂದ ಅಂಕಿಯನ್ನು ಇಲ್ಲಿ ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

“ಬಿಡುವು” ಎಂಬ ಶಬ್ದವನ್ನೂ ಒಂದಿಷ್ಟು ಪರೀಕ್ಷಿಸಬೇಕು. ವಕೀಲರು ರಾತ್ರಿ ಮನೆಯಲ್ಲಿ ಕುಳಿತು ಕಾಗದಪತ್ರಗಳನ್ನು ಸಿದ್ಧಪಡಿಸಿದರೆ, ಬಿಡುವಿನಲ್ಲಿ ಬರೆದಿರಲ್ಲವೆ ಎಂದು ಕಕ್ಷಿಗಾರನು ಶುಲ್ಕವನ್ನು ಕಡಿಮೆ ಮಾಡುವನೆ? ದರ್ಜಿಯು ತನ್ನ ಮನೆಯ ಜಗಲಿಯಲ್ಲಿಯೇ ಯಂತ್ರವನ್ನಿಟ್ಟುಕೊಂಡಿದ್ದರೂ ಅವನದು ವೃತ್ತಿ. ಅದೇ ಜಗಲಿಯಲ್ಲಿ ಅವನ ಹೆಂಡತಿ ಕೊಕ್ಕೆ ಹಿಡಿದರೆ ಅದು ಕಾಲಹರಣ. ನಿಜವಾಗಿ ಬಿಡುವಿನಲ್ಲಿ ಕೆಲಸ ಮಾಡುವವರು ಯಾರೆಂದರೆ ಈ ಪತ್ರಿಕೆಗೆ ಬರೆಯುವ ನಾವು; ನಮ್ಮ ಮನೆಯ ಅಕ್ಕಿ ಇದರಿಂದ ಬರುವುದಿಲ್ಲ. ಅವಳ ಮನೆಗೆ ಮಗಳ ಶಾಲೆಯ ಶುಲ್ಕವೋ ಅಡಿಗೆಯ ಅನಿಲದ ಹಣವೋ ಆ ಕುಚ್ಚಿನಿಂದಲೇ ಬರುತ್ತದೆ. ಗಳಿಸಲೇಬೇಕಾಗಿ ಮಾಡುವ ಕೆಲಸಕ್ಕೆ ಬಿಡುವಿನದೆಂದು ಹೆಸರಿಡುವುದು ಯಾವ ನಿಘಂಟಿನ ನ್ಯಾಯ? ಸಂತೋಷಕ್ಕಾಗಿಯೇ ಮೊಮ್ಮಗುವಿಗೆ ಕುಲಾವಿ ಹೆಣೆಯುವ ಅಜ್ಜಿಯರಿದ್ದಾರೆ; ಅವರ ಕೆಲಸಕ್ಕೆ ಬೆಲೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಅವರ ಹೆಸರನ್ನು ಮುಂದಿಟ್ಟು ಉಳಿದವರ ಕೂಲಿಯನ್ನು ಇಳಿಸಬಾರದೆಂದಷ್ಟೇ ನನ್ನ ವಾದ.

ಇನ್ನು ಒಂದು ಪೂರ್ವಪಕ್ಷ ಉಳಿದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. “ಕೂಲಿಯನ್ನು ಏರಿಸಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಜನರು ಯಂತ್ರದ ಲೇಸಿಗೆ ಹೋಗುತ್ತಾರೆ, ಈಗ ಬರುವ ನಾಲ್ಕು ಕಾಸೂ ಆ ಹೆಂಗಸಿಗೆ ತಪ್ಪುತ್ತದೆ. ನಿಮ್ಮ ಕರುಣೆಯೇ ಅವಳನ್ನು ಕೊಲ್ಲುತ್ತದೆ.” ಇದೇ ಮಾತನ್ನು ಒಮ್ಮೆ ಗಾಂಧೀಜಿಯವರಿಗೂ ಹೇಳಿದ್ದರು. 1935ರಲ್ಲಿ ಅಖಿಲ ಭಾರತ ಚರಕಾ ಸಂಘವು ನೂಲುವ ಹೆಂಗಸರಿಗೆ ಜೀವನಕ್ಕೆ ಸಾಲುವಂತಹ ಕನಿಷ್ಠ ಕೂಲಿಯನ್ನು ಕೊಡಬೇಕೆಂದು ನಿರ್ಣಯಿಸಿದಾಗ, ಖಾದಿಯ ಬೆಲೆ ಏರಿ ಮಾರಾಟವೇ ನಿಂತುಹೋದೀತೆಂದು ಖಾದಿಯ ಕಾರ್ಯಕರ್ತರೇ ಅಂಜಿದರು. ಗಾಂಧೀಜಿಯವರು ಕದಲಲಿಲ್ಲ. ಅಗ್ಗದ ಖಾದಿಯು ನೂಲುವವಳ ಹಸಿವಿನಿಂದ ಅಗ್ಗವಾಗಿದ್ದರೆ ಅಂತಹ ಖಾದಿಯನ್ನು ಹರಡುವುದರಲ್ಲಿ ಪುಣ್ಯವೇನೆಂಬುದು ಅವರ ನಿಲುವಾಗಿತ್ತು. ಲೇಸಿನ ವಿಷಯದಲ್ಲಿ ನಮ್ಮ ಸ್ಥಿತಿ ಇನ್ನೂ ಸುಲಭವಾದದ್ದು. ಖಾದಿಯು ಬಡವನೂ ಉಡಬೇಕಾದ ಬಟ್ಟೆ. ಲೇಸಾದರೋ ಆಭರಣ. ಅದಿಲ್ಲದೆ ಯಾರಿಗೂ ಚಳಿಯಾಗುವುದಿಲ್ಲ. ಬೆಲೆ ಕೊಡಲಾರದವರು ಯಂತ್ರದ ಲೇಸನ್ನು ಕೊಳ್ಳಲಿ; ಅದರಲ್ಲಿ ಅವಮಾನವಿಲ್ಲ, ಯಂತ್ರದ ಒಳ್ಳೆಯ ಲೇಸಿಗೂ ಅದರದೇ ಅಂದವುಂಟು. ಕೈಯದು ಬೇಕು, ಬೆಲೆ ಮಾತ್ರ ಯಂತ್ರದ್ದಿರಲಿ ಎನ್ನುವವರೊಡನೆಯೇ ನನ್ನ ಜಗಳ.

ಕೆಲಸವು ಈಗಿನ ಬೆಲೆಯಲ್ಲಿಯೇ ಉಳಿದೀತೆಂಬ ನಂಬಿಕೆಯೂ ಹುಸಿ. ಓದಿದ ಹೆಣ್ಣುಮಕ್ಕಳು ತಾಯಿಯ ಬೆನ್ನುನೋವನ್ನೂ ಕನ್ನಡಕವನ್ನೂ ನೋಡಿ, ಅವಳ ಕೈಗೆ ಬಂದ ಹಣವನ್ನೂ ನೋಡಿ, ಕೊಕ್ಕೆಯನ್ನು ಮುಟ್ಟದಿದ್ದರೆ ಅವರನ್ನು ತಪ್ಪೆನ್ನುವುದು ಹೇಗೆ? ಮೂಲೆ ತಿರುಗಿಸುವ ವಿದ್ಯೆಯು ಪುಸ್ತಕದಿಂದ ಅರ್ಧ ಬರುತ್ತದೆ. ಉಳಿದ ಅರ್ಧ ಇನ್ನೊಂದು ಕೈಯನ್ನು ನೋಡಿಯೇ ಬರಬೇಕು. ಆ ಕೈ ಒಂದು ತಲೆಮಾರಿನ ಕಾಲ ಸುಮ್ಮನಾದರೆ ಮತ್ತೆ ನೋಡುವುದಕ್ಕೆ ಕೈಯೇ ಇರುವುದಿಲ್ಲ. ಅಲಾಂಸೋಂ ಊರಿನಲ್ಲಿ ಸಂಬಳ ಕೊಟ್ಟು ಹತ್ತು ವರ್ಷ ಕಲಿಸುತ್ತಿರುವುದು ದಾನಬುದ್ಧಿಯಿಂದಲ್ಲ. ಬೇರೆ ದಾರಿಯಿಲ್ಲವೆಂದು ಅವರಿಗೆ ತಿಳಿದಿರುವುದರಿಂದ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕುಚ್ಚು ಕಟ್ಟಿಸುವಾಗ ಕಟ್ಟುವವರು ಯಾರೆಂದು ಕೇಳಬಹುದು. ಸಾಧ್ಯವಾದರೆ ಅವರ ಮನೆಗೇ ಹೋಗಿ ಕೊಡಬಹುದು. ಎಷ್ಟು ಹೊತ್ತು ಹಿಡಿಯಿತೆಂದು ವಿಚಾರಿಸಿ, ಅಷ್ಟು ಹೊತ್ತಿಗೆ ನಮ್ಮ ಊರಿನ ಗಾರೆಯವನಿಗೋ ದರ್ಜಿಗೋ ಕೊಡುವಷ್ಟನ್ನು ಕೊಡಬಹುದು. ನಮ್ಮ ಸಂಘದ ವಾರ್ಷಿಕ ಕರಕುಶಲ ಪ್ರದರ್ಶನದಲ್ಲಿ ಲೇಸು, ಕಸೂತಿ, ಕುಚ್ಚುಗಳನ್ನೆಲ್ಲ “ಮಹಿಳೆಯರ ಬಿಡುವಿನ ಕೈಗೆಲಸ” ಎಂಬ ಒಂದೇ ಫಲಕದ ಕೆಳಗೆ ಇಡುವ ರೂಢಿಯುಂಟು. ಮರಗೆಲಸಕ್ಕೂ ಕುಂಬಾರಿಕೆಗೂ ಅಲ್ಲಿ ಬೇರೆ ಬೇರೆ ಹೆಸರಿನ ಫಲಕಗಳಿವೆ, ಮಾಡಿದವರ ಹೆಸರುಗಳೂ ಇವೆ. ಲೇಸಿಗೂ ಅದರ ಹೆಸರಿನ ಫಲಕವನ್ನು ಹಾಕಿಸಬೇಕೆಂದೂ, ಪ್ರತಿಯೊಂದು ಅಂಚಿನ ಬದಿಯ ಚೀಟಿಯಲ್ಲಿ ಹೆಣೆದವಳ ಹೆಸರು, ನೂಲಿನ ಅಂಕಿ, ಹಿಡಿದ ಗಂಟೆಗಳು, ಅವಳು ಕೇಳುವ ಬೆಲೆ, ಇವಿಷ್ಟನ್ನೂ ಬರೆಯಿಸಬೇಕೆಂದೂ ವ್ಯವಸ್ಥಾಪಕ ಮಂಡಲಿಯವರನ್ನು ಕೇಳಿಕೊಳ್ಳುತ್ತೇನೆ. ಈ ವರ್ಷದ ನಿಯಮಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲವೆಂದು ಕೇಳಿದ್ದೇನೆ.